ಗಿಡ್ಡ ಕುರ್ಚಿಯ ಮೇಲೆ ಗುಡ್ರುನ್

ಡೆನ್ಮಾರ್ಕಿನ ಆ ಶಾಲೆಯಲ್ಲಿ ಶುಕ್ರವಾರದ ಕೊನೆಯ ಪೀರಿಯಡ್ ಎಂದರೆ ಕೇಕೂ ಜಗಳವೂ. ಯಾರದೋ ಮನೆಯಿಂದ ಕೇಕು ಬರುತ್ತದೆ, ವಾರವಿಡೀ ಕೂಡಿಟ್ಟ ಜಗಳಗಳು ಹೊರಬೀಳುತ್ತವೆ. ಗುಡ್ರುನ್ ಟೀಚರ್ ಇಪ್ಪತ್ತೆಂಟು ವರ್ಷಗಳಿಂದ ಹೇಳಿಕೊಡುತ್ತ ಬಂದ ನಿಯಮ ಒಂದೇ: ಜಗಳವಾಡಿದವರು ಎದುರಿನವರ ಕಷ್ಟವನ್ನು, ಅವರು "ಹೌದು" ಎಂದು ಒಪ್ಪುವಂತೆ ಹೇಳಬೇಕು. ಅಲ್ಲಿಯವರೆಗೆ ಯಾರಿಗೂ ಕೇಕಿಲ್ಲ.

ಆ ಶುಕ್ರವಾರ ಮೂರನೇ ಕ್ಲಾಸಿನ ಮಕ್ಕಳು, ಶಾಲೆಯ ಅಂಗಳ ನೋಡಿಕೊಳ್ಳುವ ಪ್ರೆಬೆನ್‌ನನ್ನು ಕೈಹಿಡಿದು ಎಳೆತಂದರು. ಗುಡ್ರುನ್‌ಳ ಸೈಕಲ್ಲನ್ನು ಅವನು ಸರಿಸಿ ಮಳೆಯಲ್ಲಿ ನಿಲ್ಲಿಸಿದನೆಂದು ಇಬ್ಬರೂ ಮಾತು ಬಿಟ್ಟು ಎರಡು ವರ್ಷವಾಗಿತ್ತು.

"ಕೂತ್ಕೊ ಗುಡ್ರುನ್," ಎಂದು ಒಂಬತ್ತು ವರ್ಷದ ಸಿಗ್ನೆ ಗಿಡ್ಡ ಕುರ್ಚಿ ತೋರಿಸಿದಳು. ಅಲ್ಲಿ ಮಕ್ಕಳು ಟೀಚರನ್ನೂ ಹೆಸರು ಹಿಡಿದೇ ಕರೆಯುತ್ತಾರೆ.

"ಇವನು ಬೇಕೂಂತ್ಲೇ..."

"ಅದು ನಿನ್ ಕಥೆ. ಅವನ ಕಥೆ ಹೇಳು!"

ಮಂಡಿ ಗಲ್ಲಕ್ಕೆ ತಾಗುವಂತೆ ಕೂತ ಗುಡ್ರುನ್ ಬೆವತಳು. "ನನ್ ಸೈಕಲ್ ದಿನಾ ಕಸದ ಗಾಡಿಗೆ ಅಡ್ಡ ಇರ್ತಿತ್ತು. ಗಾಡಿಯವರ ಹತ್ರ ಬೈಸ್ಕೊಂಡಿದ್ದು ಮಾತ್ರ ಇವನು."

"ಹೌದು," ಎಂದ ಪ್ರೆಬೆನ್. "ಒದ್ದೆ ಸೀಟಿನ ಮೇಲೆ ಕೂತು ಇವಳ ಪ್ಯಾಂಟೆಲ್ಲ ನೆನೀತು. ದಾರೀಲಿ ಜನ ಏನಂದ್ಕೊಂಡ್ರೋ ಪಾಪ!"

"ಹೌದೂ!" ಎಂದು ಕಿರುಚಿದ ಗುಡ್ರುನ್‌ಗೇ ನಗು ತಡೆಯಲಾಗಲಿಲ್ಲ. ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತು.

ಕೇಕು ಹಂಚಿದ ಮೇಲೆ ಇಬ್ಬರಿಗೂ ಸೇರಿ ಒಂದೇ ತುಂಡು ಉಳಿಯಿತು. ಗುಡ್ರುನ್ ಅದನ್ನು ಎರಡು ಮಾಡಿದಳು. ಒಂದು ದೊಡ್ಡದಾಯಿತು.

"ದೊಡ್ಡದು ನೀನ್ ತಗೊ."

"ಛೆ, ನೀನೇ ತಗೊ."

"ತಗೊ ಅಂದ್ನಲ್ಲ!"

"ನಂಗೆ ಹೇಳೋಕೆ ನೀನ್ಯಾರು?"

ಸಿಗ್ನೆ ಹಣೆ ಚಚ್ಚಿಕೊಂಡಳು. "ಇಬ್ರೂ ಮತ್ತೆ ಕೂತ್ಕೊಳ್ಳಿ. ಕೇಕ್ ಇಲ್ಲಿ ಕೊಡಿ."