ಸುನಂದ ಟೀಚರ್ ತೋರಿಸದ ಸಿನಿಮಾ

ಸುಗಟೂರಿನಾಚೆಯ ಒಂದು ಸರ್ಕಾರಿ ಶಾಲೆಯಲ್ಲಿ ಸುನಂದ ಟೀಚರ್ ಹತ್ತೊಂಬತ್ತು ವರ್ಷಗಳಿಂದ ಕನ್ನಡ ಕಲಿಸುತ್ತಿದ್ದಾರೆ. ಅಲ್ಲಿನ ಮಕ್ಕಳು ತಡವರಿಸದೆ ಗಟ್ಟಿಯಾಗಿ ಓದುತ್ತಾರೆ. ಓದಿದ್ದೇನು ಎಂದು ಕೇಳಿದರೆ ತಲೆ ತಗ್ಗಿಸುತ್ತಾರೆ. ಮನೆಯಲ್ಲಿ ತೆಲುಗು, ಪುಸ್ತಕದಲ್ಲಿ ಕನ್ನಡ. ಅದಕ್ಕೇ ಟೀಚರ್ ತಮ್ಮ ಮೊಬೈಲನ್ನು ಅವರ ಕೈಗೆ ಕೊಟ್ಟರು. ಓದಿದ ಪಾಠವನ್ನು ಎರಡು ನಿಮಿಷದ ಸಿನಿಮಾ ಮಾಡಬೇಕು. ಯಾರೂ ಮಾತಾಡುವಂತಿಲ್ಲ, ನೋಡಿದವರಿಗೆ ಕಥೆ ತಿಳಿಯಬೇಕು.

"ಮಾತೇ ಇಲ್ದಿದ್ರೆ ಹೀರೋ ಹೆಂಗಾಗ್ಲಿ ಮಿಸ್?" ಎಂದ ಚಂದ್ರಮೋಹನ.

"ನೀನು ಎರಡ್ ನಿಮಿಷ ಬಾಯಿ ಮುಚ್ಚಿದ್ರೆ ಅದೇ ದೊಡ್ಡ ಸಿನಿಮಾ ಕಣೋ," ಎಂದಳು ಪಕ್ಕದ ಹುಡುಗಿ.

ಎಲ್ಲರೂ ನಕ್ಕರು, ರಂಜಿತ ಒಬ್ಬಳನ್ನು ಬಿಟ್ಟು. ಐದು ತಿಂಗಳ ಹಿಂದೆ ಅವಳ ತಾಯಿ ಮನೆ ಬಿಟ್ಟು ಹೋಗಿ, ಆಂಧ್ರದ ಗಡಿಯಾಚೆ ಬೇರೊಬ್ಬನ ಜೊತೆ ಸಂಸಾರ ಹೂಡಿದ್ದಳು. ಹಿಪ್ಪುನೇರಳೆ ಬೆಳೆಯುವ ಅಪ್ಪ ವೆಂಕಟ್ ಮಗಳಿಗೆ, ಅಮ್ಮ ವೇಮಗಲ್ ಫ್ಯಾಕ್ಟರಿಯ ಹಾಸ್ಟೆಲಿನಲ್ಲಿದ್ದಾಳೆ ಎಂದಿದ್ದ. ಶಾಲೆಗೂ ಬಂದು ಕೈಮುಗಿದಿದ್ದ.

"ನೀವೂ ಹಂಗೇ ಅನ್ನಿ ಮೇಡಂ. ಪರೀಕ್ಷೆ ಕಳೀಲಿ, ನಾನೇ ಹೇಳ್ತೀನಿ."

ಟೀಚರ್ ಮಾತು ಕೊಟ್ಟಿದ್ದರು.

ಆ ವಾರದ ಪಾಠ, ಊರು ಬಿಟ್ಟ ಅಣ್ಣನಿಗಾಗಿ ಕಾಯುವ ತಂಗಿಯದು. ಅಣ್ಣ ಬರುವುದಿಲ್ಲ ಎಂದು ಅದರಲ್ಲಿ ಎಲ್ಲೂ ಬರೆದಿರಲಿಲ್ಲ, ಓದಿದವರೇ ತಿಳಿದುಕೊಳ್ಳಬೇಕಿತ್ತು.

"ಬರಲ್ಲ ಅನ್ನೋದನ್ನ ಹೆಂಗೆ ತೋರಿಸ್ತೀರಿ?" ಎಂದು ಕೇಳಿದರು ಟೀಚರ್.

"ಫೋಟೋಗೆ ಹಾರ ಹಾಕೋಣ ಮಿಸ್!"

"ಲೋ ಚಂದ್ರಮೋಹನ, ಸತ್ತ ಅಂತ ಎಲ್ಲಿದ್ಯೋ?" ಎಂದಳು ಪಕ್ಕದ ಹುಡುಗಿ.

ಆಗ ರಂಜಿತ ಕೈ ಎತ್ತಿದಳು. ಆ ವರ್ಷ ಅವಳು ಕೈ ಎತ್ತಿದ್ದು ಅದೇ ಮೊದಲು. "ನಮ್ಮನೇಲಿ ವಿಡಿಯೋ ತೆಕ್ಕೊಂಡ್ ಬರ್ತೀನಿ ಮಿಸ್." ಆ ಸಂತೋಷದಲ್ಲಿ ಟೀಚರ್ ಮತ್ತೇನನ್ನೂ ಯೋಚಿಸಲಿಲ್ಲ. ಮನೆ ಶಾಲೆಯ ಹಿಂದೆಯೇ ಇತ್ತು. ಮೊಬೈಲ್ ಕೊಟ್ಟು ಕಳಿಸಿದರು.

ಊಟದ ಬಿಡುವಿನಲ್ಲಿ ಅವಳು ತಂದು ತೋರಿಸಿದಳು. ಗೋಡೆಗೆ ತೂಗುಹಾಕಿದ ಕನ್ನಡಿ. ಮುಖ ತೊಳೆಯುವ ಮುಂಚೆ ಹೆಂಗಸರು ಹಣೆಯ ಸ್ಟಿಕ್ಕರ್ ಬೊಟ್ಟನ್ನು ಅಂಟಿಸಿಡುವ ಅದರ ಮೂಲೆ. ಅಲ್ಲಿ ಬೊಟ್ಟುಗಳಿರಲಿಲ್ಲ. ಚಾಕುವಿನಿಂದ ಕೆರೆದ ಗೀರುಗಳು, ಏಳೆಂಟು ಅಂಟಿನ ಕಲೆಗಳು ಇದ್ದವು. ಮೊಬೈಲ್ ಹಿಡಿದ ಕೈ ಒಂದಿಷ್ಟೂ ಅಲುಗಿರಲಿಲ್ಲ.

"ಅಪ್ಪ ಕೆರೆದಿದ್ದು. ಬರೋ ಹಂಗಿದ್ರೆ ಯಾಕ್ ಕೆರೀತಿದ್ರು ಮಿಸ್?"

ಟೀಚರ್ ಅದನ್ನು ಮತ್ತೊಮ್ಮೆ ಹಾಕಿ ನೋಡಿದರು.

"ನಮ್ಮಮ್ಮ ಬರಲ್ಲ, ಅಲ್ವಾ?"

ವೇಮಗಲ್, ಹಾಸ್ಟೆಲ್ ಎನ್ನುವ ಮಾತು ಬಾಯಿಯವರೆಗೂ ಬಂತು. ವರ್ಷವಿಡೀ ಸರಿಯಾದ ಉತ್ತರ ಹೇಳು ಎಂದು ಈ ಮಗುವನ್ನು ಕಾಡಿದ್ದರು. ಈಗ ಹೇಳಿದ್ದಾಳೆ.

"ಇಲ್ಲ ಕಣಮ್ಮ," ಎಂದರು.

ಹುಡುಗಿ ಅಳಲಿಲ್ಲ. ತಟ್ಟೆಯ ಅನ್ನವನ್ನು ಕಲೆಸುತ್ತಾ ಕೂತಳು.

"ಅಪ್ಪಂಗೆ ಹೇಳ್ಬೇಡಿ ಮಿಸ್. ನಂಗೆ ಗೊತ್ತಿಲ್ಲ ಅಂತ ಅಂದ್ಕೊಂಡವ್ರೆ. ಗೊತ್ತಾದ್ರೆ ಊಟಾನೇ ಮಾಡಲ್ಲ."

ಟೀಚರ್ ಎರಡನೇ ಸಲ ಮಾತು ಕೊಟ್ಟರು.

ಶನಿವಾರ ಹೆತ್ತವರನ್ನು ಕೂರಿಸಿಕೊಂಡು ಮಕ್ಕಳ ಸಿನಿಮಾಗಳನ್ನು ಟಿವಿಯಲ್ಲಿ ಹಾಕಿದರು. ಎಲ್ಲ ಮುಗಿದ ಮೇಲೆ ವೆಂಕಟ್ ಎದ್ದು ನಿಂತ.

"ನಮ್ ಹುಡುಗೀದು ಎಲ್ಲಿ ಮೇಡಂ?"

"ಅವಳು ತೆಗೀಲಿಲ್ಲ."

"ಪಾಠ ಅರ್ಥ ಆಗಿರಲ್ಲ ಬಿಡಿ. ಇನ್ನೂ ಮಗು ಅವಳು," ಎಂದ ವೆಂಕಟ್. ಅವನ ಮುಖದಲ್ಲಿ ನೆಮ್ಮದಿ ಕಂಡಿತು.

ರಂಜಿತ ಹೌದೆನ್ನುವಂತೆ ತಲೆ ಆಡಿಸಿ, ಅಪ್ಪನ ಕೈ ಹಿಡಿದುಕೊಂಡಳು.