ಟೀವಿಯಲ್ಲಿ ಬಾರದ ಮುಖ

ಬಿಳಿಗೆರೆಯ ಕೊಲ್ಲಾಪುರಮ್ಮ ಮೆತ್ತಗೆ ಮಾತಾಡಿದ್ದನ್ನು ಕೇಳಿದವರೇ ಇಲ್ಲ. ಕೊಬ್ಬರಿಯ ಕರಟ ಬಿಡಿಸಲು ಕೂತರೆ ಕತ್ತಿಗಿಂತ ಅವಳ ಬಾಯಿಯದೇ ಸದ್ದು. ಅಂಥವಳು ಎಡ ಎದೆಯಲ್ಲಿ ಕೈಗೆ ಸಿಕ್ಕ ಗಂಟಿನ ಬಗ್ಗೆ ಮಾತ್ರ ತುಟಿ ಪಿಟಕ್ಕೆನ್ನಲಿಲ್ಲ. ನೋವಿಲ್ಲದ ಗಂಟು, ಹೇಳಿಕೊಳ್ಳಲು ನಾಚಿಕೆ. ನಾದಿನಿ ಭೈರಮ್ಮನಿಗೊಬ್ಬಳಿಗೇ ಗೊತ್ತಿತ್ತು.

2005ರ ಸುಮಾರಿಗೆ ಊರ ಶಾಲೆಯ ಮುಂದೆ ನೆತ್ತಿಯ ಮೇಲೆ ಡಿಶ್ ಹೊತ್ತ ಆಸ್ಪತ್ರೆ ವ್ಯಾನು ಬಂದು ನಿಂತಿತು. ನರ್ಸ್ ನಿಖತ್ ಹೆಂಗಸರ ಎದೆ ಪರೀಕ್ಷಿಸುತ್ತಾಳೆ, ಡಾಕ್ಟರಮ್ಮ ಬೆಂಗಳೂರಿನಿಂದಲೇ ಟೀವಿಯಲ್ಲಿ ನೋಡಿ ಹೇಳುತ್ತಾರೆ ಎಂದು ತಮಟೆ ಹೊಡೆಸಿ ಸಾರಿದ್ದರು. ಎಡವಟ್ಟಾಗಿದ್ದೇ ಅಲ್ಲಿ. ಲಕ್ಷ್ಮಯ್ಯ ಊರಿಗೆಲ್ಲ ಕೇಬಲ್ ಎಳೆದಿದ್ದೂ ಅಂಥದ್ದೇ ಡಿಶ್ಶಿನಿಂದ. ಇಲ್ಲಿ ರವಿಕೆ ಬಿಚ್ಚಿದ್ದು ಮನೆಮನೆಯ ಟೀವಿಯಲ್ಲಿ ಬಂದು, ಬೀಗರೂ ನೋಡಿಬಿಟ್ಟರೆ? ವ್ಯಾನಿನ ಸುತ್ತ ಹೆಂಗಸರ ಹಿಂಡು, ಒಳಗೆ ಒಬ್ಬಳೂ ಇಲ್ಲ.

"ಡಾಕ್ಟ್ರಿಗೊಬ್ರಿಗೇ ಕಾಣೋದು ಕಣ್ರಮ್ಮಾ!" ಎಂದು ನಿಖತ್ ಗಂಟಲು ಹರಿದುಕೊಂಡರೂ ಯಾರೂ ಜಗ್ಗಲಿಲ್ಲ.

ಕೊಲ್ಲಾಪುರಮ್ಮನಿಗೆ ರೇಗಿತು. ಸಂಜೆಗೆ ವ್ಯಾನು ಹುಳಿಯಾರಿಗೆ ಹೊರಟರೆ ಗಂಟು ತನ್ನಲ್ಲೇ ಉಳಿಯುತ್ತದೆ. ಭೈರಮ್ಮನನ್ನು ಪಕ್ಕಕ್ಕೆಳೆದಳು.

"ಲಕ್ಷ್ಮಯ್ಯನ ಮನೇಲಿ ಟೀವಿ ಮುಂದೆ ಕೂತ್ಕೊಂಡು ಎಲ್ಲಾ ಚಾನಲ್ಲೂ ತಿರುಗ್ಸೇ. ನಾನು ಒಳಕ್ಕೋಗಿ ಬರೀ ಮುಖ ತೋರಿಸ್ತೀನಿ. ಕಂಡ್ರೂ ಕಾಣ್ದಿದ್ರೂ ಓಡಿ ಬಂದು ಹೇಳು."

ತಲೆತುಂಬ ಸೆರಗು ಹೊದ್ದು ಕ್ಯಾಮೆರಾದ ಮುಂದೆ ಕೂತಳು. ಸಾಲದೆಂದು ನಾಲಗೆಯನ್ನೂ ಚಾಚಿದಳು. ವ್ಯಾನಿನ ಟೀವಿ ಪರದೆಯಲ್ಲಿ ಕಾಣುತ್ತಿದ್ದ ಡಾಕ್ಟರಮ್ಮ ನಕ್ಕುಬಿಟ್ಟರು. ಅಷ್ಟರಲ್ಲಿ ಏದುಸಿರು ಬಿಡುತ್ತ ಬಂದ ಭೈರಮ್ಮ ಎಲ್ಲರಿಗೂ ಕೇಳುವಂತೆ ಕೂಗಿದಳು:

"ಅತ್ಗೇ, ಯಾವ್ದ್ರಲ್ಲೂ ನೀನಿಲ್ಲ! ಧಾರಾವಾಹಿಯೋಳು ಕೂತ್ಕೊಂಡು ಅಳ್ತಾವ್ಳೆ, ಅಷ್ಟೇಯ!"

"ಅಳ್ಲಿ ಬುಡು" ಎಂದ ಕೊಲ್ಲಾಪುರಮ್ಮ ಬಾಗಿಲು ಹಾಕಿಸಿ ರವಿಕೆಯ ಗುಂಡಿಗೆ ಕೈಹಾಕಿದಳು. ಹೊರಗೆ ಸಾಲು ಬೆಳೆಯತೊಡಗಿತು.

ಬೆಂಗಳೂರಿಗೆ ಕರೆಸಿ ಸೂಜಿ ಚುಚ್ಚಿ ನೋಡಿದಾಗ ಗಂಟು ಕ್ಯಾನ್ಸರೇ ಎಂದಾಯಿತು. ಆ ಗಟ್ಟಿಗಿತ್ತಿ ಭೈರಮ್ಮನ ಹೆಗಲಿಗೆ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. "ಬೇಗ ಬಂದಿದ್ದೀರಿ, ಉಳಿಸಿಕೊಳ್ಳುತ್ತೇವೆ" ಎಂದರು ಡಾಕ್ಟರಮ್ಮ. ಆಪರೇಷನ್ ಮಾಡಿ, ಹೇಳಿದಂತೆಯೇ ಉಳಿಸಿಕೊಂಡರು. ಕೊಲ್ಲಾಪುರಮ್ಮ ಮತ್ತೆ ಕರಟ ಬಿಡಿಸಲು ಕೂತಳು, ಬಾಯಿಯ ಸದ್ದು ಒಂಚೂರೂ ತಗ್ಗಿರಲಿಲ್ಲ.

ಕೆಲವು ವರ್ಷಗಳ ಮೇಲೆ ಅದೇ ವ್ಯಾನು ಊರಿಗೆ ಬಂದಾಗ ಹೊಸ ಸೊಸೆಯೊಬ್ಬಳು ಬಾಗಿಲಲ್ಲೇ ಹಿಂಜರಿದಳು. "ಟೀವೀಲಿ ಬಂದ್ಬುಟ್ರೆ?"

ಕೊಲ್ಲಾಪುರಮ್ಮ ಅವಳ ಕೈಹಿಡಿದು ಮೆಟ್ಟಿಲು ಹತ್ತಿದಳು.

"ಬರಲ್ಲ ಕಣೇ. ಬಂದ್ರೆ ಮೊದ್ಲು ನನ್ನೇ ತೋರಿಸ್ಲಿ. ಒಂದು ಮೊಲೆ ಇಲ್ದೇನೂ ಗಟ್ಟಿಯಾಗವ್ಳೆ ಅಂತ ಮೂರು ತಾಲ್ಲೂಕೂ ನೋಡ್ಲಿ!"