ಬಕೆಟ್ಟಕ್ಕ ಒರೆಸಿದ ಗಾಜಿನ ಗುಮ್ಮಟ

ಇನ್ನೂ ನಸುಕು. ಸೋಲಾರ್ ಘಟಕದ ಮೂರನೇ ಸಾಲಿನಲ್ಲಿ ಆಗಲೇ ನೀರು ಚಿಮ್ಮುವ ಸದ್ದು. ಗಂಡನ ಹಳೇ ಅಂಗಿ ತೊಟ್ಟು, ತೋಳು ಮಡಚಿ, ಉದ್ದ ಕೋಲಿನ ಬ್ರಷ್ಷನ್ನು ಫಲಕದ ಮೇಲೆ ಎಳೆಯುತ್ತಿರುವ ಗಿಡ್ಡನೆಯ ಹೆಂಗಸನ್ನು ಇಲ್ಲಿ ಎಲ್ಲರೂ ಬಕೆಟ್ಟಕ್ಕ ಎನ್ನುತ್ತಾರೆ. ಕೈಗೆಟುಕದ್ದು ಏನೇ ಇದ್ದರೂ ಬಕೆಟ್ಟು ಬೋರಲು ಹಾಕಿ ಹತ್ತಿಬಿಡುವುದು ಅವರ ಅಭ್ಯಾಸ.

ಬಿಸಿಲೇರುವುದರೊಳಗೆ ತೊಳೆದು ಮುಗಿಸಬೇಕು. ಕಾದ ಗಾಜಿಗೆ ತಣ್ಣೀರು ಬಿದ್ದರೆ ಬಿರುಕು ಬಿಡುತ್ತದೆ. ತಲೆಗೆ ಮುನ್ನೂರು ಫಲಕ. ಬಕೆಟ್ಟಕ್ಕ ಒರೆಸಿದ್ದನ್ನೇ ಮತ್ತೆ ಬಗ್ಗಿ ನೋಡುತ್ತಾರೆ, ಮೂಲೆಯಲ್ಲಿ ಚುಕ್ಕೆ ಕಂಡರೆ ಉಗುರಿನಲ್ಲಿ ಕೆರೆಯುತ್ತಾರೆ. ಜೊತೆಯವರಿಗೆ ಇದೊಂದು ತಲೆನೋವು.

ಈ ಚಾಳಿ ಅಂಟಿದ್ದು ಅತ್ತೆಯಿಂದ. ಸೊಸೆ ತೊಳೆದಿಟ್ಟ ಪಾತ್ರೆಯ ಅಂಚಿನ ಮೇಲೆ ಆ ಅಮ್ಮ ಬೆರಳಾಡಿಸುತ್ತಿದ್ದರಂತೆ. ಜಿಡ್ಡು ಸಿಕ್ಕಿತೋ, ಬೆರಳು ಒರೆಸಿಕೊಂಡು ಅಷ್ಟೂ ಪಾತ್ರೆಯನ್ನು ಮತ್ತೆ ತೊಟ್ಟಿಗೆ ಹಾಕುವುದು. "ಬೈದಿದ್ರೆ ವಾಸಿ ಇತ್ತು. ಒಂದು ಮಾತೂ ಆಡ್ತಿರ್ಲಿಲ್ಲ, ಪುಣ್ಯಾತ್ಗಿತ್ತಿ" ಎನ್ನುತ್ತಾರೆ. ಬಸ್ ರಿಪೇರಿ ಮಾಡುತ್ತಿದ್ದ ಗಂಡ ಬೆನ್ನು ಹಿಡಿದು ಮನೆಯಲ್ಲಿ ಕೂತಾಗ, ಎಂಟು ವರ್ಷದ ಹಿಂದೆ, ಈ ಕೆಲಸಕ್ಕೆ ಸೇರಿದರು.

ಆಫೀಸಿನ ಕಂಪ್ಯೂಟರು ಘಟಕಕ್ಕೆ ದಿನವೂ ಒಂದು ಅಂಕ ಕೊಡುತ್ತದೆ. ಬಿದ್ದ ಬಿಸಿಲಿಗೆ ಎಷ್ಟು ಕರೆಂಟು ಬರಬೇಕಿತ್ತು, ಎಷ್ಟು ಬಂತು ಎಂದು ನೋಡಿ ನೂರಕ್ಕೆ ಇಷ್ಟು ಅಂತ. ಬಿಸಿಲು ಎಷ್ಟು ಬಿತ್ತೆಂದು ಅದಕ್ಕೆ ತಿಳಿಸುವುದು ಆಳೆತ್ತರದ ಕಂಬದ ತುದಿಯಲ್ಲಿ ಕೂತ, ಅರ್ಧ ನಿಂಬೆಹಣ್ಣಿನಷ್ಟಿರುವ ಗಾಜಿನ ಗುಮ್ಮಟ. ಹೋದ ವರ್ಷ ಆ ಅಂಕ ಏರುತ್ತ ಏರುತ್ತ ನೂರಾ ಆರು ಮುಟ್ಟಿತು. ನೂರಕ್ಕೆ ನೂರಾ ಆರು! ಮ್ಯಾನೇಜರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಪಕ್ಕದಲ್ಲೇ ಇನ್ನೊಂದು ಘಟಕ ಕಟ್ಟಿ ಹೊಸ ಲೈನು ಎಳೆಯಲು ಹಣ ಹೂಡುವವರು ಬೇರೆ ನೋಡಲು ಬರುವವರಿದ್ದರು. ಇಷ್ಟು ಚೆನ್ನಾಗಿ ನಡೆಯುವಾಗ ತೊಳೆಯಲು ಹನ್ನೆರಡು ಜನ ಯಾಕೆ ಎಂದು ಮ್ಯಾನೇಜರು ಕೆಲಸದಿಂದ ತೆಗೆಯುವ ಆರು ಜನರ ಹೆಸರು ಬರೆದು ಗೋಡೆಗೆ ಅಂಟಿಸಿಬಿಟ್ಟರು. ಕೆಲಸ ನಿಧಾನ ಎಂಬ ಕಾರಣಕ್ಕೆ ಮೊದಲ ಹೆಸರೇ ಬಕೆಟ್ಟಕ್ಕನದು.

ಮನೆ ನಡೆಯುತ್ತಿದ್ದುದೇ ಅವರ ಸಂಬಳದಿಂದ. "ಪಂಪಿನ ಮನೆ ಹಿಂದೆ ಹೋಗಿ ಅತ್ತುಬಿಟ್ಟೆ. ಆಮೇಲೆ ನೋಡಿದ್ರೆ ಬಕೆಟ್ನಲ್ಲಿ ನೀರು ಉಳಿದಿತ್ತು, ಸುಮ್ನೆ ಯಾಕೆ ಚೆಲ್ಲೋದು ಅಂತ ಗೋಡೆ ತೊಳೆದೆ."

ಬಾಡಿಗೆ ಮನೆ ಬಿಡುವಾಗ ಗುಡಿಸಿ ಸಾರಿಸಿ ಹೋಗುವವರಂತೆ, ಕೆಲಸದ ಕೊನೆಯ ದಿನಕ್ಕೆ ಮುಂಚಿನ ಎರಡು ದಿನ ಅವರು ಕಂಡದ್ದನ್ನೆಲ್ಲ ಉಜ್ಜಿದರು. ನಲ್ಲಿ, ಬೋರ್ಡು, ಗೇಟು ಎಲ್ಲ ಆಯಿತು. ಕೊನೆಗೆ ಆ ಕಂಬ. ಅದು ಫಲಕವಲ್ಲವಾದ್ದರಿಂದ ಯಾರ ಪಾಲಿನ ಕೆಲಸವೂ ಆಗಿರಲಿಲ್ಲ. ಬಕೆಟ್ಟು ಬೋರಲು ಹಾಕಿ ಹತ್ತಿ ನೋಡಿದರೆ ಗುಮ್ಮಟದ ಮೇಲೆ ಕಾಗೆಯ ಹಿಕ್ಕೆ ಒಣಗಿ ಗಾರೆಯಾಗಿದೆ. ಅದನ್ನು ನೆನೆಸಿ, ಅಂಗಿಯ ತುದಿಯಿಂದ ಫಳಫಳ ಹೊಳೆಯುವಂತೆ ಒರೆಸಿ ಇಳಿದರು.

ಮರುದಿನ ಅಂಕ ಎಂಬತ್ತನಾಲ್ಕು. ಹಣ ಹೂಡುವವರ ಕಡೆಯ ಇಂಜಿನಿಯರಮ್ಮ ಬಂದು ಕೂತಿದ್ದದ್ದೂ ಅದೇ ದಿನ. ಮ್ಯಾನೇಜರು ಬೆವರು ಒರೆಸಿಕೊಳ್ಳುತ್ತ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಯಾರು ಏನು ಮುಟ್ಟಿದಿರಿ ಎಂದು ಕೇಳಿದರು. ಹೇಗೂ ಕೆಲಸ ಹೋಗಿದೆ, ಇನ್ನೇನು ಹೋಗೀತು ಎಂದು ಬಕೆಟ್ಟಕ್ಕ ಕೈ ಎತ್ತಿದರು. "ನಾನೇ ಸಾರ್, ಆ ಗುಮ್ಮಟ ಒರೆಸಿದೆ. ಕಾಗೆ ಗಲೀಜು ಮಾಡಿತ್ತು. ಹಾಗೇ ಇರ್ಬೇಕಿತ್ತು ಅಂದ್ರೆ ಹೇಳಿ, ಕಾಗೆಗೆ ಹೇಳಿಕಳಿಸ್ತೀನಿ."

ಇಂಜಿನಿಯರಮ್ಮ ಎದ್ದು ಕಂಬದ ಹತ್ತಿರ ನಡೆದರು. ಸ್ಟೂಲು ಸಿಗದೆ ಅದೇ ಬಕೆಟ್ಟಿನ ಮೇಲೆ ಹತ್ತಿ ಗುಮ್ಮಟವನ್ನೂ ಕಂಬಕ್ಕಿಳಿದಿದ್ದ ಬಿಳಿ ಕಲೆಯನ್ನೂ ನೋಡಿದರು. ಮಬ್ಬು ಕವಿದ ಗುಮ್ಮಟ ಬಿಸಿಲು ಕಮ್ಮಿ ಎಂದು ಕಂಪ್ಯೂಟರಿಗೆ ತಿಳಿಸುತ್ತಿತ್ತು. ಅಷ್ಟು ಕಮ್ಮಿ ಬಿಸಿಲಿಗೆ ಇಷ್ಟೊಂದು ಕರೆಂಟೇ ಎಂದು ಅದು ಅಂಕ ಸುರಿಯುತ್ತಿತ್ತು. "ಇಷ್ಟು ತಿಂಗಳಿಂದ ನಿಮಗೆ ಅಂಕ ಹಾಕ್ತಿದ್ದದ್ದು ಕಾಗೆ ಕಣ್ರೀ" ಎಂದು ಮ್ಯಾನೇಜರಿಗೆ ಹೇಳಿ ಕೆಳಗಿಳಿದರು.

ನಿಜವಾದ ಅಂಕ ಎಂಬತ್ತನಾಲ್ಕು ಎಂದರೆ ಫಲಕಗಳನ್ನು ಇನ್ನೂ ಹೆಚ್ಚು ತೊಳೆಯಬೇಕು ಎಂದರ್ಥ. ಮ್ಯಾನೇಜರು ತಾವೇ ಹೋಗಿ ಗೋಡೆಯ ಪಟ್ಟಿ ಕಿತ್ತರು. ಉಳಿದ ಅಂಟನ್ನು ಬಕೆಟ್ಟಕ್ಕ ಉಗುರಿನಲ್ಲಿ ಕೆರೆದು ತೆಗೆದರು. ಹನ್ನೆರಡು ಜನ ಹದಿನಾಲ್ಕಾದರು, ಅಂಕ ಏರಿ ತೊಂಬತ್ತೊಂದಕ್ಕೆ ನಿಂತಿದೆ. ಪಕ್ಕದ ಘಟಕಕ್ಕೂ ಹಣ ಬಂದಿದೆ. ಆಫೀಸಿನ ಕೆಲಸದ ಪಟ್ಟಿಯಲ್ಲಿ ಈಗ ಮೊದಲ ಸಾಲೇ "ಗುಮ್ಮಟ: ಬಕೆಟ್ಟಕ್ಕ". ಅದಕ್ಕೆಂದೇ ಹೊಸ ಏಣಿ ತಂದುಕೊಟ್ಟಿದ್ದಾರೆ. ಏಣಿ ಪಂಪಿನ ಮನೆಯಲ್ಲಿ ಒರಗಿ ನಿಂತಿದೆ, ಅಕ್ಕ ಬಕೆಟ್ಟನ್ನೇ ಹತ್ತುತ್ತಾರೆ.

ಇನ್ನೇನಾದರೂ ಆಸೆ ಇದೆಯೇ ಎಂದರೆ ಬ್ರಷ್ಷು ಕೊಡವುತ್ತ ಅತ್ತೆಯ ಮಾತು ತೆಗೆಯುತ್ತಾರೆ. ಅತ್ತೆಗೀಗ ಎಂಬತ್ತೆರಡು. ಕಣ್ಣು ಮಂಜಾಗಿದೆ, ಬೆರಳು ಮಾತ್ರ ಚುರುಕಾಗಿಯೇ ಇದೆ.

"ಒಂದ್ಸಲ ಕರ್ಕೊಂಡ್ ಬಂದು ಆ ಗುಮ್ಮಟದ ಮೇಲೆ ಬೆರಳಾಡಿಸಿ ಅನ್ಬೇಕು. ಕಂಪ್ಯೂಟರು ಕೊಡೋ ಅಂಕ ಇರ್ಲಿ ಬಿಡಿ. ಅತ್ತೆ ಬೆರಳು ಒರೆಸ್ಕೊಳ್ದೆ ಮನೆಗೆ ಬಂದ್ರೆ ಸಾಕು ನಂಗೆ."